ಆಟದ ನೆಲ ಮತ್ತು ಅನರ್ಥದಂಡ

ದೆಹಲಿಯ ಸುತ್ತಮುತ್ತ, ಗುರುಗ್ರಾಮದಲ್ಲೋ ನೋಯ್ಡಾದಲ್ಲೋ ಫರೀದಾಬಾದಿನಲ್ಲೋ, ಖಾಲಿ ಗೋದಾಮೊಂದನ್ನು ಬಾಡಿಗೆಗೆ ಹಿಡಿದು ಒಳಗೆ ರಿಮೋಟ್ ಕಾರುಗಳ ಆಫ್‌ರೋಡ್ ಟ್ರ್ಯಾಕ್ ಕಟ್ಟಬೇಕೆನ್ನುವವರು ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದದ್ದು ನೆಲ ಯಾವುದು ಎಂಬುದನ್ನು. ಈ ಕಾರುಗಳು ನಿಜವಾದ ಗಾಡಿಯ ಹತ್ತನೇ ಒಂದು ಅಳತೆಯವು, ತೂಕ ಒಂದೂವರೆ ಕಿಲೋ ಆಸುಪಾಸು. ಆದರೂ ಅವಕ್ಕೆ ಸ್ಪ್ರಿಂಗ್ ಉಂಟು, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್ ಉಂಟು, ದಿಬ್ಬದ ಮೇಲಿಂದ ಚಿಮ್ಮಿ ಕೆಲವು ಅಡಿ ಆಚೆ ಇಳಿದು ಓಟ ಮುಂದುವರಿಸುವ ಕಸುವು ಉಂಟು. ಅವುಗಳ ಕೆಳಗೆ ಹಾಕಲು ಮೂರು ದಾರಿಗಳಿವೆ: ಜೇಡಿಯ ಅಂಶವಿರುವ ಮಣ್ಣು ತಂದು, ನೀರು ಚಿಮುಕಿಸಿ, ದಮ್ಮಸು ಹಾಕಿ ಗಟ್ಟಿ ಮಾಡುವುದು, ಕಾರ್ಪೆಟ್ ಹಾಸಿ ಅದರ ಮೇಲೆ ಮರದ ದಿಬ್ಬಗಳನ್ನು ಕೂರಿಸುವುದು, ಇಲ್ಲವೇ ಕೃತಕ ಹುಲ್ಲು ಹಾಸುವುದು. ಸಾಮಾನ್ಯವಾಗಿ ಈ ತೀರ್ಮಾನ ಖರ್ಚು, ಗುಡಿಸುವ ಕಷ್ಟ, ಗೋದಾಮಿನ ಮಾಲೀಕರ ಕರಾರು ಇವುಗಳ ಲೆಕ್ಕದಲ್ಲೇ ಮುಗಿದುಹೋಗುತ್ತದೆ. ಆದರೆ ಇದರಲ್ಲಿ ಧರ್ಮವಿಚಾರದ ಎರಡು ಹಳೆಯ ಪ್ರಶ್ನೆಗಳು ಅಡಗಿವೆ. ಸ್ಪರ್ಧೆಯಲ್ಲಿ ನ್ಯಾಯ ಎಂದರೆ ಏನು ಎಂಬುದು ಒಂದು. ಬರಿಯ ಸಂತೋಷಕ್ಕಾಗಿ ನಾವು ಮಾಡುವ ಹಾನಿಗೆ ಲೆಕ್ಕ ಕೊಡಬೇಕೇ ಎಂಬುದು ಇನ್ನೊಂದು. ಎರಡನ್ನೂ ತೂಗಿ ನೋಡಿದಾಗ, ಗಾಳಿ ಮತ್ತು ನೀರಿನ ಅನುಕೂಲವಿರುವ ಕಡೆ ಮಣ್ಣನ್ನೇ ಆರಿಸಬೇಕು ಎಂಬ ನಿಲುವಿಗೆ ನಾನು ಬರುತ್ತೇನೆ.

ಆಡುವವನು ಮನುಷ್ಯ, ನೆಲ ಬರೀ ಜಾಗ ಎಂದು ನಾವು ಭಾವಿಸುತ್ತೇವೆ. ಆಟಗಳ ಚರಿತ್ರೆ ಅದನ್ನು ಒಪ್ಪುವುದಿಲ್ಲ. 1928ರ ಆಮ್‌ಸ್ಟರ್‌ಡ್ಯಾಮಿನಿಂದ 1972ರ ಮ್ಯೂನಿಕ್‌ವರೆಗೆ ಒಲಿಂಪಿಕ್ಸ್ ಹಾಕಿಯಲ್ಲಿ ಭಾರತ ಒಮ್ಮೆಯೂ ಪದಕವಿಲ್ಲದೆ ಮರಳಲಿಲ್ಲ. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ಪನ್ನೂ ಗೆದ್ದಿತು. ಮರುವರ್ಷ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ಸ್ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆಯಿತು, ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಆಡಳಿತದ ಜಗಳಗಳು, ತರಬೇತಿಯ ಕೊರತೆ ಎಲ್ಲವೂ ಇದ್ದವು ನಿಜ. ಆದರೂ ಹುಲ್ಲಿನ ಮೇಲೆ ಪುಟಿಯುತ್ತ ಬರುವ ಚೆಂಡನ್ನು ಮಣಿಕಟ್ಟಿನ ಚಳಕದಿಂದ ಪಳಗಿಸುವ ಕಲೆಗೆ, ಚೆಂಡು ನೆಟ್ಟಗೆ ಜಾರಿಹೋಗುವ ಹಾಸಿನ ಮೇಲೆ ಮೊದಲಿನ ಬೆಲೆ ಉಳಿಯಲಿಲ್ಲ. ಅಲ್ಲಿ ಗೆಲ್ಲುವುದು ಓಟದ ದಮ್ಮು ಮತ್ತು ಹೊಡೆತದ ವೇಗ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಅವರಂಥವರನ್ನು ಕೊಟ್ಟ ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಕುಟುಂಬ ಹಾಕಿ ಹಬ್ಬ ಮೈದಾನದ ನೆಲದ ಮೇಲೆ ಬೆಳೆದದ್ದು. ಊರಿನ ನೆಲವೇ ಸಾಕಾಗಿದ್ದರಿಂದ ಇಷ್ಟೊಂದು ಮನೆತನಗಳು ಅಲ್ಲಿ ತಂಡ ಕಟ್ಟಿ ಇಳಿಯಲು ಸಾಧ್ಯವಾಯಿತು. ಕುಸ್ತಿಯಲ್ಲೂ ಇದೇ ಕಥೆ. ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿದ ಖಾಶಾಬಾ ಜಾಧವ್ 1948ರ ಲಂಡನ್ನಿನಲ್ಲಿ ಆರನೆಯವರಾದರು; ಮ್ಯಾಟಿಗೆ ಒಗ್ಗಿಕೊಂಡ ಮೇಲೆ, 1952ರ ಹೆಲ್ಸಿಂಕಿಯಲ್ಲಿ ಕಂಚು ತಂದರು. ರಿಮೋಟ್ ಕಾರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಟ್ಟಿಯಾದ ಜೇಡಿಯ ಮೇಲೆ ಹೆಚ್ಚುಕಡಿಮೆ ನುಣುಪಾದ ಟೈರು ಬೇಕು, ಕಾರ್ಪೆಟ್ಟಿನ ಮೇಲೆ ಸಣ್ಣ ಮುಳ್ಳುಗಳ ಟೈರು ಬೇಕು, ಸಡಿಲ ಮಣ್ಣಿನ ಮೇಲೆ ದೊಡ್ಡ ಗುಬುಟುಗಳದ್ದು. ನೆಲ ಬದಲಾದರೆ ಸ್ಪ್ರಿಂಗ್ ಬದಲಾಗುತ್ತದೆ, ಎಣ್ಣೆಯ ಮಂದ ಬದಲಾಗುತ್ತದೆ, ಕೊನೆಗೆ ಗೆಲ್ಲುವ ಕೈಯೂ ಬದಲಾಗುತ್ತದೆ. ಎಂದಮೇಲೆ ಯಾರ ಕೌಶಲಕ್ಕೆ ಬೆಲೆ ಬರಬೇಕು ಎಂಬ ತೀರ್ಪು ನೆಲ ಆರಿಸುವಾಗಲೇ ಆಗಿಹೋಗಿರುತ್ತದೆ.

ಇಲ್ಲಿ ಕಾರ್ಪೆಟ್ಟಿನ ಪಕ್ಷದವರು ತಮ್ಮ ಬಲವಾದ ವಾದ ಮುಂದಿಡುತ್ತಾರೆ. ಯಾವ ನೆಲವೂ ತಟಸ್ಥವಲ್ಲವಾದರೆ, ಎಲ್ಲರಿಗೂ ಒಂದೇ ಆಗಿರುವ ನೆಲವನ್ನಾದರೂ ಕೊಡೋಣ. ಕಾರ್ಪೆಟ್ ಬೆಳಿಗ್ಗೆ ಹೇಗಿತ್ತೋ ಸಂಜೆಗೂ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಮಣ್ಣು ಹಾಗಲ್ಲ ಎನ್ನುತ್ತಾರೆ. ಮಣ್ಣು ಹಾಗಲ್ಲ ಎಂಬುದು ನಿಜವೇ. ಹೊಸದಾಗಿ ದಮ್ಮಸು ಹಾಕಿದ ಜೇಡಿಯ ತಿರುವೊಂದನ್ನು ಬಗ್ಗಿ ನೋಡಿದರೆ ಇದು ಕಾಣುತ್ತದೆ. ಮೊದಲ ಸುತ್ತುಗಳಲ್ಲಿ ನೆಲ ಮಾಸಲು ಕಂದು, ಮೇಲೆ ಹಿಟ್ಟಿನಂಥ ಧೂಳಿನ ತೆಳು ಪದರ, ಕಾರಿನ ಹಿಂಭಾಗ ಜಾರುತ್ತಲೇ ಇರುತ್ತದೆ. ಕಾರುಗಳು ಓಡಿದಂತೆಲ್ಲ ಧೂಳು ಅಂಚಿಗೆ ಸರಿಯುತ್ತದೆ, ಟೈರಿನ ರಬ್ಬರು ಸಣ್ಣಸಣ್ಣಗೆ ನೆಲಕ್ಕೆ ಮೆತ್ತಿಕೊಳ್ಳುತ್ತದೆ, ತಿರುವಿನ ಒಳಮಗ್ಗುಲಿನಲ್ಲಿ ಅಂಗೈ ಅಗಲದ ಪಟ್ಟಿಯೊಂದು ಕಪ್ಪಾಗಿ ಮಿರುಗತೊಡಗುತ್ತದೆ. ಆ ಪಟ್ಟಿಯ ಮೇಲೆ ಚಕ್ರ ಅಂಟಿಕೊಂಡು ಓಡುತ್ತದೆ. ಒಂದು ಗೇಣು ಹೊರಗೆ ಹೋದರೆ ಕಾರು ಗಿರ್ರನೆ ತಿರುಗಿ ನಿಲ್ಲುತ್ತದೆ. ಮೊದಲು ಓಡಿದವನು ಧೂಳು ತಿಂದು ದಾರಿ ಮಾಡಿದ, ಆಮೇಲೆ ಬಂದವನು ಆ ದಾರಿಯ ಲಾಭ ಪಡೆದ. ನಮ್ಮ ದರ್ಶನಗಳು ಸಂಸ್ಕಾರವೆಂದು ಯಾವುದನ್ನು ಹೇಳುತ್ತವೋ, ಮಾಡಿದ ಕೆಲಸ ಮುಗಿದ ಮೇಲೂ ಉಳಿದು ಮುಂದಿನ ಕೆಲಸದ ದಿಕ್ಕನ್ನು ನಿರ್ಧರಿಸುವ ಶೇಷ, ಅದು ಇಲ್ಲಿ ಬೆರಳಿನಲ್ಲಿ ಮುಟ್ಟುವ ಹಾಗೆ ನೆಲದ ಮೇಲೆಯೇ ಇದೆ.

ಇದು ಅನ್ಯಾಯವೇ? ಎಲ್ಲರೂ ಸೊನ್ನೆಯಿಂದ ಶುರುಮಾಡುವುದೇ ನ್ಯಾಯ ಎಂದು ತಿಳಿದರೆ ಹೌದು. ಆದರೆ ಮನುಷ್ಯರ ಬದುಕಿನಲ್ಲಿ ಸೊನ್ನೆಯಿಂದ ಶುರುಮಾಡಿದವರು ಯಾರೂ ಇಲ್ಲ. ಹಿಂದಿನವರು ಬಿಟ್ಟದ್ದನ್ನು ಅಳಿಸಿಹಾಕುವುದರಿಂದ ನ್ಯಾಯ ಹುಟ್ಟುವುದಿಲ್ಲ. ಅದರ ಲಾಭವನ್ನೂ ಭಾರವನ್ನೂ ಹಂಚಿಕೊಳ್ಳುವುದರಿಂದ ಹುಟ್ಟುತ್ತದೆ. ಈ ಆಟದಲ್ಲೇ ಅಂಥದೊಂದು ಕಟ್ಟಳೆ ಇದೆ. ತನ್ನ ಓಟ ಮುಗಿಸಿದವನು ರಿಮೋಟ್ ಕೆಳಗಿಟ್ಟು ಟ್ರ್ಯಾಕಿನೊಳಗೆ ಇಳಿದು, ಮುಂದಿನ ಗುಂಪಿನ ಕಾರುಗಳು ಮಗುಚಿದಾಗ ಎತ್ತಿ ನಿಲ್ಲಿಸುವ ಮಾರ್ಷಲ್ ಆಗಬೇಕು. ಗೆದ್ದವನಿಗೂ ವಿನಾಯಿತಿಯಿಲ್ಲ. ಜಗತ್ತಿನ ಹೆಚ್ಚಿನ ಕ್ಲಬ್ಬುಗಳಲ್ಲಿ ನಡೆದುಬಂದ ಈ ಪದ್ಧತಿ ನನಗೆ ಬಹಳ ಮುಖ್ಯವಾಗಿ ತೋರುತ್ತದೆ, ಏಕೆಂದರೆ ಪ್ರತಿಸ್ಪರ್ಧಿಗೆ ಸೇವೆ ಮಾಡದೆ ಸ್ಪರ್ಧಿಸುವ ಹಕ್ಕು ಇಲ್ಲ ಎಂಬುದನ್ನು ಅದು ಯಾವ ಉಪದೇಶವೂ ಇಲ್ಲದೆ ಮಕ್ಕಳಿಗೆ ಕಲಿಸುತ್ತದೆ. ಮಣ್ಣಿನ ಟ್ರ್ಯಾಕು ಇದೇ ಕಟ್ಟಳೆಯನ್ನು ನೆಲಕ್ಕೂ ವಿಸ್ತರಿಸುತ್ತದೆ. ಕಿತ್ತುಹೋದ ದಿಬ್ಬಕ್ಕೆ ಮಣ್ಣು ಮೆತ್ತಬೇಕು, ಅಂಚಿನ ಧೂಳು ಗುಡಿಸಬೇಕು, ಓಟಕ್ಕೆ ಮುಂಚೆ ನೀರು ಚಿಮುಕಿಸಬೇಕು. ಮೊದಲು ಓಡುವ ಸರದಿಯನ್ನು ವಾರವಾರಕ್ಕೆ ಬದಲಿಸಿದರೆ, ನೆಲದ ಕೆಲಸವನ್ನು ಎಲ್ಲರಿಗೂ ಹಂಚಿದರೆ, ಕಾರ್ಪೆಟ್ ಕೊಡುವ ಸಮಾನತೆಗಿಂತ ಗಟ್ಟಿಯಾದ ಸಮಾನತೆ ಬರುತ್ತದೆ.

ಆಡುವವರೇ ನೆಲದ ಕೆಲಸ ಮಾಡುವುದು ದೆಹಲಿಗೆ ಹೊಸದೇನಲ್ಲ. ರೋಶನಾರಾ ರಸ್ತೆಯ ಕಡೆಯ ಗುರು ಹನುಮಾನ್ ಅಖಾಡದಂಥ ಕಡೆಗಳಲ್ಲಿ ಕುಸ್ತಿಯ ದಿನ ಶುರುವಾಗುತ್ತಿದ್ದದ್ದೇ ಗುದ್ದಲಿಯಿಂದ. ಪಟ್ಟುಗಳಿಗೆ ಮುಂಚೆ ಪೈಲ್ವಾನರು ಮಣ್ಣನ್ನು ಅಗೆದು, ಹೆಂಟೆ ಒಡೆದು, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡುತ್ತಿದ್ದರು. ಮೈಸೂರಿನ ಗರಡಿ ಮನೆಗಳಲ್ಲಿ ಕೆಂಪು ಮಣ್ಣಿನ ಮಟ್ಟಿಗೆ, ಎಂದರೆ ಕುಸ್ತಿಯ ಕಣಕ್ಕೆ, ನಡೆಯುವ ಪೂಜೆಯ ಅರ್ಥವೂ ಇದೇ: ಕೈಯಿಂದ ಹದ ಮಾಡಿದ್ದನ್ನೇ ಕೈಮುಗಿದು ಹೊಗುವುದು. ಡಚ್ ಇತಿಹಾಸಕಾರ ಯೋಹಾನ್ ಹೊಯ್ಸಿಂಗ 1938ರ ತನ್ನ 'ಹೋಮೋ ಲೂಡೆನ್ಸ್' ಪುಸ್ತಕದಲ್ಲಿ ಆಟಕ್ಕೆ ಗೆರೆ ಹಾಕಿ ಬೇರೆ ಮಾಡಿದ ಜಾಗಕ್ಕೂ ಪೂಜೆಗೆ ಬೇರೆ ಮಾಡಿದ ಜಾಗಕ್ಕೂ ರೂಪದಲ್ಲಿ ವ್ಯತ್ಯಾಸವಿಲ್ಲ ಎಂದು ವಾದಿಸಿದ. ಗರಡಿಯನ್ನು ಕಂಡವರಿಗೆ ಅದು ಅಚ್ಚರಿಯ ಮಾತಲ್ಲ. ಆದರೆ ಅವನು ಗೆರೆಗೆ ಕೊಟ್ಟಷ್ಟು ಗಮನವನ್ನು ಗೆರೆಯೊಳಗಿನ ನೆಲಕ್ಕೆ ಕೊಡಲಿಲ್ಲ ಎಂದು ನನಗನ್ನಿಸುತ್ತದೆ. ಈಗಿನ ಕುಸ್ತಿಯ ಜಟ್ಟಿಗಳು ಮ್ಯಾಟಿಗೂ ಹಣೆ ಮುಟ್ಟಿಸುತ್ತಾರಲ್ಲ, ಪಾವಿತ್ರ್ಯ ನಮಸ್ಕಾರದಲ್ಲಿದೆಯೇ ಹೊರತು ಮಣ್ಣಿನಲ್ಲಿ ಅಲ್ಲ ಎನ್ನಬಹುದು. ದೆಹಲಿಯ ಮಾಡೆಲ್ ಟೌನಿನ ಛತ್ರಸಾಲ್ ಸ್ಟೇಡಿಯಮ್ಮಿನಲ್ಲಿ ಪಳಗಿದ ಯೋಗೇಶ್ವರ್ ದತ್ 2012ರ ಲಂಡನ್ನಿನಲ್ಲಿ ಕಂಚು ಗೆದ್ದದ್ದು, ರವಿ ದಹಿಯಾ ಟೋಕಿಯೋದಲ್ಲಿ ಬೆಳ್ಳಿ ಗೆದ್ದದ್ದು ಮ್ಯಾಟಿನ ಮೇಲೆಯೇ. ಒಪ್ಪಿದೆ. ಅಂತರರಾಷ್ಟ್ರೀಯ ಸ್ಪರ್ಧೆಗೆ ಹೋಗುವವರು ಆ ನೆಲದಲ್ಲೇ ಅಭ್ಯಾಸ ಮಾಡಬೇಕು, ಅದರಲ್ಲಿ ತಪ್ಪಿಲ್ಲ. ನಮಸ್ಕಾರವೂ ಸುಲಭವಾಗಿ ಮ್ಯಾಟಿಗೆ ದಾಟಿಕೊಂಡಿತು. ದಾಟದೆ ಹಿಂದೆ ಉಳಿದದ್ದು ಗುದ್ದಲಿ ಹಿಡಿಯುವ ಕೆಲಸ. ನೆಲವನ್ನು ತಾವೇ ಮಾಡಿಕೊಳ್ಳುತ್ತಿದ್ದವರು ನೆಲವನ್ನು ಕೊಂಡು ತರುವವರಾದರು. ನನ್ನ ತಕರಾರು ಇರುವುದು ಈ ಬದಲಾವಣೆಯ ಬಗ್ಗೆ.

ಈಗ ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ. ಅದು ಬರುವುದು ಮಣ್ಣಿನಲ್ಲಿ ಜೀವ ಕಾಣುವ ಜೈನ ಧರ್ಮದಿಂದ. ಜೈನರ ಪ್ರಕಾರ ಮಣ್ಣು ಒಂದೇ ಇಂದ್ರಿಯವಿರುವ ಪೃಥ್ವೀಕಾಯ ಜೀವಗಳ ಒಡಲು. ಅಗೆಯುವುದೆಂದರೆ ಆ ಜೀವಗಳಿಗೆ ನೋವು. ಮುನಿಗಳು ಚಾತುರ್ಮಾಸದಲ್ಲಿ ಸಂಚಾರ ನಿಲ್ಲಿಸಿ ಒಂದೆಡೆ ನಿಲ್ಲುವುದೂ ಮಳೆಗಾಲದ ನೆಲದಲ್ಲಿ ಜೀವಗಳು ದಟ್ಟವಾಗಿರುವ ಕಾರಣಕ್ಕೆ. ಗೃಹಸ್ಥರಿಗೆ ಇಷ್ಟು ಬಿಗಿಯಿಲ್ಲ. ಅವರು ಉಳಬಹುದು, ಮನೆ ಕಟ್ಟಬಹುದು, ಬಾವಿ ತೋಡಬಹುದು. ಆದರೆ ಅವರಿಗೂ ಅನರ್ಥದಂಡವಿರತಿ ಎಂಬ ವ್ರತವುಂಟು: ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವುದು. ಆಚಾರ್ಯ ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ' ಇದರ ಐದು ಬಗೆಗಳನ್ನು ಹೇಳುತ್ತದೆ. ಅವುಗಳಲ್ಲಿ ಒಂದಾದ ಪ್ರಮಾದಚರ್ಯೆಯಲ್ಲಿ ಕಾರಣವಿಲ್ಲದೆ ನೆಲ ಕೆದಕುವುದು, ನೀರು ಚೆಲ್ಲುವುದು ಹೆಸರಿಟ್ಟೇ ಸೇರಿವೆ. ಶ್ರವಣಬೆಳಗೊಳದ ನಾಡಿನವರಿಗೆ ಈ ವ್ರತ ಅಪರಿಚಿತವಲ್ಲ, ದೆಹಲಿಯ ಚಾಂದನಿ ಚೌಕದ ಜೈನ ಲಾಲ್ ಮಂದಿರದ ಭಕ್ತರಿಗೂ ಅಲ್ಲ. ಆಟದ ಕಾರಿಗಾಗಿ ಲಾರಿಗಟ್ಟಲೆ ಮಣ್ಣು ಅಗೆದು ತಂದು, ದಿನವೂ ಅದರ ಮೇಲೆ ನೀರು ಸುರಿಯುವುದು ಅನರ್ಥದಂಡಕ್ಕೆ ಪಾಠದಲ್ಲಿ ಹೇಳುವಂಥ ಉದಾಹರಣೆಯೇ ಅಲ್ಲವೇ?

ಇದಕ್ಕೆ ಸುಲಭದ ಉತ್ತರವೊಂದಿದೆ: ಸೃಷ್ಟಿಯೇ ಲೀಲೆ ಎಂದು ಬಾದರಾಯಣರ ಸೂತ್ರಗಳು ಹೇಳುವಾಗ ಆಟವನ್ನು ಪ್ರಯೋಜನವಿಲ್ಲದ್ದು ಎನ್ನುವುದು ಹೇಗೆ ಎಂಬುದು. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಯಾವ ಕೊರತೆಯೂ ಇಲ್ಲದ ಈಶ್ವರನ ಲೀಲೆಯನ್ನು ತೋರಿಸಿ ವಾರಾಂತ್ಯದ ನಮ್ಮ ಹವ್ಯಾಸಕ್ಕೆ ಪರವಾನಗಿ ಪಡೆಯುವುದು ಶಾಸ್ತ್ರಕ್ಕೂ ನ್ಯಾಯವಲ್ಲ, ಹವ್ಯಾಸಕ್ಕೂ ಅಲ್ಲ. ಮುನಿಯ ಮುಂದೆ ನಿಂತು ಹೇಳಬಹುದಾದ ಪ್ರಾಮಾಣಿಕ ಮಾತು ಇಷ್ಟೆ: ಈ ಟ್ರ್ಯಾಕಿನಿಂದ ಹಾನಿಯುಂಟು, ಪೂರ್ತಿ ತಪ್ಪಿಸಬೇಕಾದರೆ ಆಟವನ್ನೇ ಬಿಡಬೇಕು. ಆದರೆ ಆಡುವುದೆಂದು ಗೃಹಸ್ಥನೊಬ್ಬ ನಿರ್ಧರಿಸಿದ ಮೇಲೆ ಆ ವ್ರತ ಅವನನ್ನು ಕೈಬಿಡುವುದಿಲ್ಲ. ಅದು ಬಯ್ಯುವುದು ಪ್ರಮಾದವನ್ನು, ಎಚ್ಚರ ತಪ್ಪಿ ಮಾಡುವ ಹಿಂಸೆಯನ್ನು. ಈ ಅಳತೆಗೋಲು ಹಿಡಿದರೆ ಕಾರ್ಪೆಟ್ ಪಾರಾಗುವುದಿಲ್ಲ. ನೈಲಾನ್, ಪಾಲಿಯೆಸ್ಟರ್, ಕೃತಕ ಹುಲ್ಲಿನ ಎಳೆ ಎಲ್ಲವೂ ನೆಲದಾಳ ಕೊರೆದು ತೆಗೆದ ಎಣ್ಣೆಯಿಂದ ಬಂದವು. ಅಗೆತ ಇಲ್ಲಿ ನಡೆಯಲಿಲ್ಲ, ಬೇರೆಲ್ಲೋ ನಡೆಯಿತು. ದೆಹಲಿಯವರು ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ರಾಷ್ಟ್ರ ರಾಜಧಾನಿ ಪ್ರದೇಶಕ್ಕೇ (ಎನ್‌ಸಿಆರ್) ಸೇರಿದ ಪಾಣಿಪತ್ತಿನಲ್ಲಿ 1998ರಿಂದ ನಡೆಯುತ್ತಿರುವ ತೈಲ ಸಂಸ್ಕರಣಾಗಾರವಿದೆ. ಅದೇ ಊರು ನೆಲಹಾಸು ಮತ್ತು ಕಂಬಳಿಗೆ ಹೆಸರಾದದ್ದು, ಜಗತ್ತಿನ ಹಳೆ ಬಟ್ಟೆಯನ್ನು ಹರಿದು ನೂಲು ತೆಗೆಯುವ ಗಿರಣಿಗಳಲ್ಲಿ ಎಳೆಯ ಧೂಳನ್ನು ಉಸಿರಾಡುತ್ತ ಜನ ದುಡಿಯುವ ಊರು. ಇನ್ನು ಕಾರ್ಪೆಟ್ ಸವೆದ ಮೇಲಿನ ಗತಿ. 1984ರಲ್ಲಿ ಶುರುವಾಗಿ 2002ರಲ್ಲೇ ತುಂಬಿಹೋದರೂ ಬೆಳೆಯುತ್ತಲೇ ಹೋದ ಗಾಜಿಪುರದ ಕಸದ ಗುಡ್ಡ ಪೂರ್ವ ದೆಹಲಿಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಣ್ಣಿನ ಟ್ರ್ಯಾಕಿನ ಹಾನಿ ಆಡುವವನ ಕಣ್ಣೆದುರಿಗೇ ಇದೆ, ಅವನ ಉಗುರಿನ ಸಂದಿಯಲ್ಲಿದೆ. ಕಾರ್ಪೆಟ್ಟಿನ ಹಾನಿಯನ್ನು ಬೇರೆಯವರು ಬೇರೆ ಕಡೆ ಹೊರುತ್ತಾರೆ. ಪ್ರಮಾದಕ್ಕೆ ಎಡೆ ಹೆಚ್ಚಿರುವುದು ಯಾವುದರಲ್ಲಿ ಎಂಬುದು ಸ್ಪಷ್ಟವಿದೆ.

ಇನ್ನೊಂದು ವ್ಯತ್ಯಾಸವೂ ಇದೆ. ಟ್ರ್ಯಾಕು ಮುಚ್ಚಿದ ದಿನ ಮಣ್ಣು ಮತ್ತೆ ಮಣ್ಣೇ ಆಗಿರುತ್ತದೆ, ತೋಟಕ್ಕೋ ತಗ್ಗು ತುಂಬಲಿಕ್ಕೋ ಹೋಗಬಲ್ಲದು. ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟಿನಲ್ಲಿ 2011ರಿಂದ 2013ರವರೆಗೆ ಮೂರೇ ಮೂರು ಫಾರ್ಮುಲಾ ಒನ್ ರೇಸುಗಳು ನಡೆದವು, 5.125 ಕಿಲೋಮೀಟರು ಉದ್ದದ ಆ ಡಾಂಬರು ಇನ್ನು ಹೊಲವಾಗುವುದಿಲ್ಲ. ಮಣ್ಣಿನ ಈ ಗುಣ ಉಳಿಯಲೆಂದೇ ಒಂದು ಎಚ್ಚರ ಹೇಳಬೇಕು. ತೇವ ಹಿಡಿದಿಡಲೆಂದು ಕೆಲವು ದೇಶಗಳಲ್ಲಿ ಜೇಡಿಗೆ ಕ್ಯಾಲ್ಸಿಯಂ ಕ್ಲೋರೈಡ್‌ನಂಥ ಲವಣ ಬೆರೆಸುವ ರೂಢಿಯಿದೆ. ಅದರಿಂದ ಧೂಳು ತಗ್ಗುತ್ತದೆ, ನಿಜ. ಆದರೆ ಉಪ್ಪು ಕುಡಿದ ಮಣ್ಣು ಗಿಡಕ್ಕೆ ಬಾರದು. ಹಿಂದಿರುಗಿಸಬಹುದು ಎಂಬುದೇ ಮಣ್ಣಿನ ಪರ ಇರುವ ದೊಡ್ಡ ಮಾತಾಗಿರುವಾಗ ಅದನ್ನೇ ಕೆಡಿಸುವುದು ಸಲ್ಲ.

ದೆಹಲಿಯ ಗಾಳಿಯನ್ನು ಮರೆತು ಈ ಚರ್ಚೆ ಮುಗಿಸಲಾಗದು. ಪಿಎಂ 2.5 ಎಂಬ ಸೂಕ್ಷ್ಮ ಕಣಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ. ದೆಹಲಿಯ ವಾರ್ಷಿಕ ಸರಾಸರಿ 100ರ ಆಸುಪಾಸಿನಲ್ಲಿರುತ್ತದೆ, ಚಳಿಗಾಲದಲ್ಲಿ ಅದಕ್ಕೂ ಎಷ್ಟೋ ಮೇಲೆ. ಗಾಳಿ ಹದಗೆಟ್ಟಾಗ ಹಂತಹಂತವಾಗಿ ನಿರ್ಬಂಧ ಹೇರುವ ಗ್ರ್ಯಾಪ್ ಎಂಬ ವ್ಯವಸ್ಥೆ 2017ರಲ್ಲಿ ಬಂದದ್ದು ಇದಕ್ಕೇ. ಆಗ ಕಟ್ಟಡದ ಕೆಲಸ ನಿಲ್ಲುತ್ತದೆ, ರಸ್ತೆಗೆ ನೀರು ಹೊಡೆಯುತ್ತಾರೆ. ಒಣಗಿದ ಮಣ್ಣಿನ ನವುರು ಧೂಳಿನಲ್ಲಿ ಶ್ವಾಸಕೋಶಕ್ಕೆ ಕೇಡು ಮಾಡುವ ಸಿಲಿಕಾ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಮಕ್ಕಳನ್ನು ನಿಲ್ಲಿಸಿ ಇಂಥ ಧೂಳು ಎಬ್ಬಿಸುವುದನ್ನು ಯಾವ ತತ್ತ್ವವೂ ಸಮರ್ಥಿಸಲಾರದು, ನಾನೂ ಸಮರ್ಥಿಸುವುದಿಲ್ಲ. ನೀರು ಚಿಮುಕಿಸಿ ತೇವ ಕಾಪಾಡಿದ ಜೇಡಿಯಿಂದ ಧೂಳು ಬಹಳ ಕಡಿಮೆ ಏಳುತ್ತದೆ, ಆದರೆ ಮೇ ಜೂನಿನ ಬಿಸಿಗಾಳಿಯಲ್ಲಿ ಆ ತೇವ ಗಂಟೆಗಂಟೆಗೂ ಆರುತ್ತದೆ. ನೀರಿಗೂ ಬರವಿದೆ. ಗುರುಗ್ರಾಮದಲ್ಲಿ ಕಟ್ಟಡ ಕೆಲಸಕ್ಕೆ ಅಂತರ್ಜಲ ಬಳಸಬಾರದೆಂದು, ಶುದ್ಧೀಕರಿಸಿದ ಕೊಳಚೆ ನೀರನ್ನು ಬಳಸಬೇಕೆಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2012ರಲ್ಲೇ ಹೇಳಿತು. ಮನೆ ಕಟ್ಟಲಿಕ್ಕೇ ಸಿಗದ ನೀರನ್ನು ಆಟಕ್ಕೆ ಬೋರ್‌ವೆಲ್ಲಿನಿಂದ ಎತ್ತುವುದು ಸರಿಯೆಂದು ಯಾರೂ ವಾದಿಸಲಾರರು. ಈ ಮಾತುಗಳಿಂದ ಮಣ್ಣಿನ ಪಕ್ಷ ಬಿದ್ದುಹೋಗುವುದಿಲ್ಲ, ಆದರೆ ಅದಕ್ಕೊಂದು ಎಲ್ಲೆ ಬೀಳುತ್ತದೆ. ನೆಲಕ್ಕೆ ಸಲ್ಲಬೇಕಾದ ಗೌರವ ಅದರ ಮೇಲೆ ನಿಂತವರ ಉಸಿರಿಗಿಂತ ದೊಡ್ಡದಲ್ಲ.

ಆದ್ದರಿಂದ ನನ್ನ ತೀರ್ಪು ಜಾಗ ನೋಡಿಕೊಂಡು ಇದೆ. ಗಾಳಿಯಾಡದ ಬೇಸ್‌ಮೆಂಟಿನಲ್ಲಿ ಮಣ್ಣು ಬೇಡ, ಅಲ್ಲಿ ಕಾರ್ಪೆಟ್ಟೇ ಇರಲಿ. ಎತ್ತರದ ಸೂರು, ಎರಡು ಕಡೆ ತೆರೆಯುವ ಬಾಗಿಲು, ಒಳ್ಳೆಯ ಎಕ್ಸಾಸ್ಟ್, ಶುದ್ಧವಾದ ಮಳೆನೀರಿನ ಸಂಗ್ರಹ ಇವುಗಳಿದ್ದ ಶೆಡ್ಡಿನಲ್ಲಿ ಮಣ್ಣು ಹಾಕಬೇಕು. ಕಡು ಬೇಸಿಗೆಯಲ್ಲೂ ಗಾಳಿ ಕೆಟ್ಟ ದಿನಗಳಲ್ಲೂ ಟ್ರ್ಯಾಕನ್ನೇ ಮುಚ್ಚಬೇಕು. ಮಣ್ಣಿಗಾಗಿ ಹೊಲದ ಮೇಲ್ಪದರ ಕೆರೆಯಬಾರದು. ಎನ್‌ಸಿಆರ್‌ನಲ್ಲಿ ತಳಪಾಯಕ್ಕೆಂದು ಅಗೆದ ಮಣ್ಣಿಗೆ ಬರವಿಲ್ಲ. ಅದರಲ್ಲಿ ಮರಳು ಹೆಚ್ಚಿದ್ದರೆ ಜೇಡಿ ಬೆರೆಸಬೇಕು. ಒದ್ದೆ ಮಾಡಿದ ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟಾಗ ಬೆರಳಿನ ಗುರುತು ಉಳಿದರೆ, ಒತ್ತಿದಾಗ ಪುಡಿಯಾಗದೆ ಎರಡು ಹೋಳಾದರೆ ಹದ ಬಂದಂತೆ. ಉತ್ತಮ ನಗರದ ಕುಂಬಾರರ ಕಾಲೊನಿಯಲ್ಲಿ ಜೇಡಿಯ ಹದ ತಿಳಿದವರು ಬೇಕಾದಷ್ಟು ಮಂದಿ ಇದ್ದಾರೆ, ಅವರನ್ನು ಕರೆದು ಕೂಲಿ ಕೊಟ್ಟು ಕೇಳುವುದು ಒಳ್ಳೆಯದು. ಟ್ರ್ಯಾಕು ಕಟ್ಟಲು ಹೊರಟವರಲ್ಲಿ ನನ್ನ ಕೋರಿಕೆ ಒಂದೇ. ಹಾಸಿದ ನೆಲ ಎಲ್ಲಿಂದ ಬಂತು, ಅದನ್ನು ಯಾರು ಮಾಡಿದರು, ಸವೆದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬಾಗಿಲ ಬಳಿ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ. ಮಣ್ಣು ಹಾಕಿದವರೂ ಬರೆಯಿರಿ, ಕಾರ್ಪೆಟ್ ಹಾಕಿದವರೂ ಬರೆಯಿರಿ.